ಹಳೆಯ ಕಟ್ಟಡಕ್ಕೆ ಹೊಸ ಬಳಕೆ: ಹೊರೆಯನ್ನು ಹೊಸ ಭಾಗವೇ ಹೊರಲಿ

ಪ್ರಶ್ನೆ: ಸುಮಾರು 120 ವರ್ಷ ಹಳೆಯದಾದ ನಮ್ಮ ಕುಟುಂಬದ ಎರಡಂತಸ್ತಿನ ಮನೆಯನ್ನು ಸಾರ್ವಜನಿಕ ಗ್ರಂಥಾಲಯ ಮತ್ತು ತರಬೇತಿ ಕೇಂದ್ರವನ್ನಾಗಿ ಮಾಡಬೇಕೆಂದಿದ್ದೇವೆ. ದಪ್ಪ ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಮರದ ತೊಲೆ ಮತ್ತು ಜಂತೆಗಳ ಮಹಡಿ ಇವೆ. ಕೆಳಗಿನ ಗೋಡೆಗಳಲ್ಲಿ ತೇವವಿದೆ, ಕೆಲವು ತೊಲೆಗಳ ತುದಿ ಕೊಳೆತಿದೆ. ಗಾರೆಯನ್ನೆಲ್ಲ ಕಿತ್ತು ಸಿಮೆಂಟ್ ಗಿಲಾವು ಮಾಡೋಣ, ಮರದ ಮಹಡಿ ತೆಗೆದು ಕಾಂಕ್ರೀಟ್ ಚಪ್ಪಡಿ ಹಾಕೋಣ ಎಂದು ಗುತ್ತಿಗೆದಾರರು ಹೇಳುತ್ತಾರೆ. ಲಿಫ್ಟ್, ಶೌಚಾಲಯ, ಹವಾನಿಯಂತ್ರಣ ಬೇಕು. ಹಿಂಭಾಗದಲ್ಲಿ ಹೊಸದಾಗಿ ಕಟ್ಟಿ ಸೇರಿಸಲು ಜಾಗವಿದೆ. ಹೊಸ ಭಾಗ ಹಳೆಯದರಂತೆಯೇ ಕಾಣಬೇಕೆ?

ಉತ್ತರ: ಹೊಸ ಭಾಗ ಹೇಗೆ ಕಾಣಬೇಕೆಂಬ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು, ಗಾರೆ ಕೀಳುವ ಕೆಲಸ ಶುರುವಾಗಿದ್ದರೆ ದಯವಿಟ್ಟು ಅದನ್ನು ಇಂದೇ ನಿಲ್ಲಿಸಿ. ಗುತ್ತಿಗೆದಾರರ ಎರಡೂ ಸಲಹೆಗಳ ಹಿಂದೆ ಒಳ್ಳೆಯ ಉದ್ದೇಶವೇ ಇರಬಹುದು. ಆದರೆ ನಿಮ್ಮ ಮನೆ ಯಾವ ಲೆಕ್ಕದ ಮೇಲೆ ಇಷ್ಟು ಕಾಲ ನಿಂತಿದೆಯೋ ಆ ಲೆಕ್ಕವನ್ನೇ ಅವು ಕೆಡಿಸುತ್ತವೆ. ನಿಮ್ಮಂಥ ಕಟ್ಟಡಗಳ ವಿಷಯದಲ್ಲಿ ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ: ನೀರು, ಭಾರ, ಯಂತ್ರ, ಮೆಟ್ಟಿಲು ಮುಂತಾಗಿ ಹೊಸ ಬಳಕೆ ತರುವ ಕಷ್ಟಗಳನ್ನೆಲ್ಲ ಹೊಸದಾಗಿ ಕಟ್ಟುವ ಭಾಗಕ್ಕೆ ವಹಿಸಿ, ಹಳೆಯ ಮನೆಗೆ ಅದು ಈಗಾಗಲೇ ಚೆನ್ನಾಗಿ ಮಾಡಬಲ್ಲ ಕೆಲಸವನ್ನಷ್ಟೇ ಕೊಡಿ. ಹಿಂಭಾಗದಲ್ಲಿ ಜಾಗವಿರುವುದು ನಿಮ್ಮ ಅದೃಷ್ಟ. ಆ ಜಾಗವಿಲ್ಲದೆ, ಎಲ್ಲವನ್ನೂ ಹಳೆಯ ಗೋಡೆಗಳ ನಡುವೆಯೇ ತುರುಕಬೇಕಾಗಿ ಬಂದು ಹಾಳಾದ ಕಟ್ಟಡಗಳನ್ನು ನಾನು ಬಹಳ ನೋಡಿದ್ದೇನೆ.

ಮೊದಲು ತೇವದ ಮಾತು. ಸುಣ್ಣದ ಗಾರೆಯಲ್ಲಿ ಕಟ್ಟಿದ ದಪ್ಪ ಗೋಡೆ ನೀರನ್ನು ಪೂರ್ತಿ ತಡೆಯುವ ಗೋಡೆಯಲ್ಲ. ಅದು ಸ್ವಲ್ಪ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಒಣಹವೆಯಲ್ಲಿ ಗಾರೆಯ ಮೂಲಕ ಅದನ್ನು ಆವಿಯಾಗಿ ಹೊರಗೆ ಬಿಡುತ್ತದೆ. ಈ ಕೊಡುಕೊಳ್ಳುವಿಕೆ ನಡೆಯುತ್ತಿರುವವರೆಗೂ ಗೋಡೆಗೆ ಅಪಾಯವಿಲ್ಲ. ಸಿಮೆಂಟ್ ಗಿಲಾವು ಸುಣ್ಣಕ್ಕಿಂತ ಗಟ್ಟಿ ಮತ್ತು ಬಿಗಿ. ಆವಿ ಅದರೊಳಗಿನಿಂದ ಅಷ್ಟು ಸುಲಭವಾಗಿ ದಾಟುವುದಿಲ್ಲ. ಹೀಗಾಗಿ ಸಿಮೆಂಟ್ ಬಳಿದ ಮೇಲೆ ಗೋಡೆಯೊಳಗಿನ ನೀರು ಹೊರಬರಲು ದಾರಿ ಹುಡುಕುತ್ತ ಇನ್ನೂ ಮೇಲಕ್ಕೆ ಏರುತ್ತದೆ. ಮೊದಲು ಮೊಣಕಾಲಿನ ಎತ್ತರಕ್ಕಿದ್ದ ಕಲೆ ಕೆಲವು ವರ್ಷಗಳಲ್ಲಿ ಎದೆಯ ಎತ್ತರದಲ್ಲಿ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ನೀರಿನೊಡನೆ ಮಣ್ಣಿನ ಲವಣಗಳೂ ಬರುತ್ತವೆ. ನೀರು ಆರಿದಲ್ಲಿ ಲವಣ ಹರಳುಗಟ್ಟುತ್ತದೆ, ಆ ಹರಳುಗಳ ಒತ್ತಡಕ್ಕೆ ಇಟ್ಟಿಗೆಯ ಮುಖ ಪುಡಿಪುಡಿಯಾಗಿ ಉದುರುತ್ತದೆ. ಸುಣ್ಣದ ಗಾರೆಯಿದ್ದಾಗ ಉದುರುವುದು ಗಾರೆ, ಅದನ್ನು ಮತ್ತೆ ಹಚ್ಚಬಹುದು. ಸಿಮೆಂಟ್ ಇದ್ದಾಗ ಒಳಗಿನ ಇಟ್ಟಿಗೆಯೇ ಸವೆಯುತ್ತದೆ, ಅದೂ ಕಣ್ಣಿಗೆ ಕಾಣದಂತೆ. ಗಿಲಾವು ಹಲಗೆಯ ಹಾಗೆ ಕಳಚಿಬಿದ್ದ ದಿನವೇ ಹಿಂದೆ ಏನು ನಡೆದಿತ್ತೆಂದು ಗೊತ್ತಾಗುವುದು.

ಇಟ್ಟಿಗೆಗಳ ಸಂದಿನ ಗಾರೆಗೂ ಇದೇ ನ್ಯಾಯ ಅನ್ವಯಿಸುತ್ತದೆ. ಸಂದಿನ ಗಾರೆ ಯಾವಾಗಲೂ ಇಟ್ಟಿಗೆಗಿಂತ ಮೆತ್ತಗಿರಬೇಕು. ಬಿಸಿಲಿಗೆ, ಚಳಿಗೆ, ನೆಲದ ಸಣ್ಣ ಚಲನೆಗೆ ಗೋಡೆ ಅಲುಗಿದಾಗ ಆ ಅಲುಗಾಟವನ್ನು ಗಾರೆ ನುಂಗಿಕೊಳ್ಳಬೇಕು. ಬಿರುಕು ಬಿಡುವುದಾದರೆ ಸಂದಿಯಲ್ಲೇ ಬಿಡಬೇಕು. ಸಂದಿಗೆ ಸಿಮೆಂಟ್ ತುಂಬಿದರೆ ಆ ಒತ್ತಡವೆಲ್ಲ ಇಟ್ಟಿಗೆಯ ಅಂಚಿನ ಮೇಲೆ ಬೀಳುತ್ತದೆ. ಆದ್ದರಿಂದ ಗಟ್ಟಿಯಾಗಿದ್ದಷ್ಟೂ ಒಳ್ಳೆಯದು ಎಂಬ ಮಾತು ಹಳೆಯ ಗೋಡೆಗೆ ಸಲ್ಲುವುದಿಲ್ಲ.

ಗಟ್ಟಿ ವಸ್ತುವಿನಿಂದ ಆದ ಹಾನಿಗೆ ಅಥೆನ್ಸ್‌ನ ಪ್ರಾಚೀನ ದೇವಾಲಯಗಳ ಗುಡ್ಡವಾದ ಅಕ್ರೊಪೊಲಿಸ್‌ಗಿಂತ ದೊಡ್ಡ ಪಾಠ ನನಗೆ ತಿಳಿದಂತೆ ಬೇರೆ ಇಲ್ಲ. ಪ್ರಾಚೀನ ಗ್ರೀಕ್ ಕಟ್ಟುಗರು ಅಮೃತಶಿಲೆಯ ಬಂಡೆಗಳನ್ನು ಕಬ್ಬಿಣದ ಕೊಂಡಿಗಳಿಂದ ಬಂಧಿಸುವಾಗ ಕೊಂಡಿಯ ಸುತ್ತ ಸೀಸವನ್ನು ಕರಗಿಸಿ ಹೊಯ್ಯುತ್ತಿದ್ದರು. ಸೀಸ ಕಬ್ಬಿಣಕ್ಕೆ ನೀರು ತಾಗದಂತೆ ಕಾಯುತ್ತಿತ್ತು, ಮೆತ್ತಗಿದ್ದುದರಿಂದ ಅಲುಗಾಟವನ್ನೂ ತಡೆದುಕೊಳ್ಳುತ್ತಿತ್ತು. 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಆರಂಭದ ದಶಕಗಳಲ್ಲಿ ಎಂಜಿನಿಯರ್ ನಿಕೊಲಾವೊಸ್ ಬಲಾನೊಸ್ ಅಲ್ಲಿ ನಡೆಸಿದ ಜೀರ್ಣೋದ್ಧಾರದಲ್ಲಿ ಈ ಸೀಸದ ರಕ್ಷಣೆಯಿಲ್ಲದೆ ಕಬ್ಬಿಣವನ್ನು ಧಾರಾಳವಾಗಿ ಬಳಸಲಾಯಿತು. ತುಕ್ಕು ಹಿಡಿದ ಕಬ್ಬಿಣ ತನ್ನ ಮೂಲ ಗಾತ್ರದ ಹಲವು ಪಟ್ಟು ಉಬ್ಬುತ್ತದೆ. ಆ ಉಬ್ಬರಕ್ಕೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬಾಳಿದ್ದ ಅಮೃತಶಿಲೆ ಕೆಲವೇ ದಶಕಗಳಲ್ಲಿ ಒಳಗಿನಿಂದ ಸೀಳಿತು. ಗ್ರೀಸ್ 1975ರಲ್ಲಿ ಇದಕ್ಕೆಂದೇ ಒಂದು ಸಮಿತಿಯನ್ನು ರಚಿಸಬೇಕಾಯಿತು. ಅಂದಿನಿಂದ ಆ ಕಬ್ಬಿಣವನ್ನು ಒಂದೊಂದಾಗಿ ಬಿಚ್ಚಿ, ತುಕ್ಕು ಹಿಡಿಯದ ಟೈಟಾನಿಯಂ ಅಳವಡಿಸುವ ಕೆಲಸ ನಡೆದುಬಂದಿದೆ. ಬಲಾನೊಸ್ ಅಜಾಗರೂಕರೇನೂ ಆಗಿರಲಿಲ್ಲ, ತಮ್ಮ ಕಾಲದ ನಂಬಿಕೆಯ ವಸ್ತುವನ್ನು ಬಳಸಿದರು. ನಿಮ್ಮ ಗುತ್ತಿಗೆದಾರರು ಮಾಡುತ್ತಿರುವುದೂ ಅದನ್ನೇ.

ಹಾಗಾದರೆ ತೇವಕ್ಕೆ ಮದ್ದೇನು? ಬಹುಪಾಲು ಅದು ಗೋಡೆಯ ಹೊರಗೇ ಇರುತ್ತದೆ. ವರ್ಷಗಳು ಕಳೆದಂತೆ ಮನೆಯ ಸುತ್ತಲಿನ ನೆಲ ಮಣ್ಣು ತುಂಬಿ, ಕಲ್ಲು ಹಾಸಿ ಮೇಲೇರಿರುತ್ತದೆ, ಒಳಗಿನ ನೆಲಕ್ಕಿಂತ ಹೊರಗಿನ ನೆಲವೇ ಎತ್ತರವಾಗಿರುತ್ತದೆ. ಸೂರಿನ ದೋಣಿ ತೂತಾಗಿರುತ್ತದೆ, ಇಳಿಜಾರಿನ ಪೈಪು ಗೋಡೆಯ ಬುಡದಲ್ಲೇ ನೀರು ಸುರಿಯುತ್ತಿರುತ್ತದೆ, ಯಾವುದೋ ಕಾಲದ ನಲ್ಲಿಯ ಕೊಳವೆ ಗೋಡೆಯೊಳಗೆ ಸೋರುತ್ತಿರುತ್ತದೆ. ಹೊರಗಿನ ನೆಲವನ್ನು ತಗ್ಗಿಸಿ, ಇಳಿಜಾರು ಸರಿಪಡಿಸಿ, ಗೋಡೆಯಿಂದ ನೀರನ್ನು ದೂರ ಸಾಗಿಸಿದ ಮೇಲೆ ಗೋಡೆಗೆ ಆರಲು ಸಮಯ ಕೊಡಿ. ದಪ್ಪ ಗೋಡೆ ಒಂದು ತಿಂಗಳಲ್ಲಿ ಆರುವುದಿಲ್ಲ, ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾಗಬಹುದು. ಲವಣ ತುಂಬಿದ ಗಾರೆಯನ್ನು ಆ ಭಾಗದಲ್ಲಿ ಮಾತ್ರ ತೆಗೆದು ಹೊಸ ಸುಣ್ಣದ ಗಾರೆ ಹಚ್ಚಿ. ಉಳಿದ ಲವಣವನ್ನು ಅದು ಹೀರಿಕೊಂಡು ಹಾಳಾದರೆ ಇನ್ನೊಮ್ಮೆ ಹಚ್ಚಬೇಕಾದೀತು; ಅದನ್ನು ಕೆಲಸ ಕೆಟ್ಟಿತೆಂದು ತಿಳಿಯಬೇಡಿ, ಆ ಗಾರೆಯ ಕೆಲಸವೇ ಅದು. ಮೇಲೆ ಬಳಿಯುವುದೂ ಸುಣ್ಣವೇ ಇರಲಿ, ಪ್ಲಾಸ್ಟಿಕ್ ಪದರದಂತೆ ಕೂರುವ ಬಣ್ಣ ಬೇಡ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಗಟ್ಟಿಯಾಗುವುದರಿಂದ ಪದರಗಳ ನಡುವೆ ಕಾಯಬೇಕು, ಬೇಗ ಒಣಗದಂತೆ ಒದ್ದೆ ಮಾಡುತ್ತಿರಬೇಕು. ಈ ಕೆಲಸ ಬಲ್ಲ ಮೇಸ್ತ್ರಿ ಸಿಗುವುದು ಕಷ್ಟ. ಸಿಕ್ಕವರಿಗೆ ಮೊದಲು ಒಂದು ಚಿಕ್ಕ ಗೋಡೆ ಕೊಟ್ಟು ನೋಡಿ.

ಇನ್ನು ಮಹಡಿ. ಕಾಂಕ್ರೀಟಿನ ತೂಕ ಘನ ಮೀಟರಿಗೆ ಸುಮಾರು 2,500 ಕಿಲೋ. ಅಂದರೆ 100 ಮಿಲಿಮೀಟರ್ ದಪ್ಪದ ಚಪ್ಪಡಿಯೂ ಪ್ರತಿ ಚದರ ಮೀಟರಿಗೆ 250 ಕಿಲೋ ಭಾರವನ್ನು ಗೋಡೆಯ ಮೇಲೆ ಹೇರುತ್ತದೆ. ಹಲಗೆ ಹಾಸಿದ ಮರದ ಮಹಡಿಯ ಭಾರ ಅದರ ಸಣ್ಣದೊಂದು ಪಾಲು. ಈ ಹೆಚ್ಚಿನ ಭಾರ ಇಳಿಯುವುದು 120 ವರ್ಷಗಳ ಹಿಂದಿನ ತಳಪಾಯದ ಮೇಲೆ. ಜೊತೆಗೆ, ಚಪ್ಪಡಿಯನ್ನು ಕೂರಿಸಲು ಗೋಡೆಯ ಉದ್ದಕ್ಕೂ ಕಚ್ಚು ಕಡಿಯಬೇಕಾಗುತ್ತದೆ, ಅಷ್ಟು ದಿನ ಗೋಡೆ ಆಸರೆಯಿಲ್ಲದೆ ನಿಲ್ಲಬೇಕಾಗುತ್ತದೆ. ಭೂಕಂಪವಾದರೆ ಮೇಲಿನ ಆ ತೂಕವೇ ಗೋಡೆಯನ್ನು ಹೊರಕ್ಕೆ ನೂಕುತ್ತದೆ.

ತೊಲೆಗಳು ಗೋಡೆಯೊಳಗೆ ಕೂತ ತುದಿಯಲ್ಲೇ ಮೊದಲು ಕೊಳೆಯುತ್ತವೆ, ಏಕೆಂದರೆ ಅಲ್ಲಿ ತೇವವಿದೆ, ಗಾಳಿಯಿಲ್ಲ. ಮರದ ತೇವಾಂಶ ಶೇಕಡಾ 20ರ ಕೆಳಗಿದ್ದರೆ ಕೊಳೆತ ಮುಂದುವರಿಯುವುದು ವಿರಳ. ಹಾಗಾಗಿ ಗೋಡೆ ಆರಿದರೆ ಅರ್ಧ ಚಿಕಿತ್ಸೆ ಆದಂತೆಯೇ. ಉಳಿದ ಅರ್ಧಕ್ಕೆ, ಕೊಳೆತ ತುದಿಯನ್ನಷ್ಟೇ ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಅದೇ ಜಾತಿಯ ಹಳೆಯ, ಚೆನ್ನಾಗಿ ಒಣಗಿದ ಮರದ ತುಂಡನ್ನು ಓರೆ ಬೆಸುಗೆಯಲ್ಲಿ ಸೇರಿಸಿ ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟುಗಳಿಂದ ಬಿಗಿಯಬಹುದು. ಭಾರ ಹೆಚ್ಚಿರುವಲ್ಲಿ ಪಕ್ಕಕ್ಕೆ ಉಕ್ಕಿನ ಪಟ್ಟಿ ಕೊಡಬಹುದು. ಹೊಸ ತುದಿಯ ಸುತ್ತ ಗೋಡೆಯಲ್ಲಿ ಬೆರಳಗಲದ ಗಾಳಿಯ ಸಂದು ಬಿಡಿ. ಹತ್ತರಲ್ಲಿ ಎರಡು ತೊಲೆ ಕೊಳೆತಿದ್ದರೆ ರಿಪೇರಿ ಬೇಕಾದದ್ದು ಆ ಎರಡಕ್ಕೆ. ಆಸ್ಟ್ರೇಲಿಯಾದ ಬರ್ರಾ ಪಟ್ಟಣದಲ್ಲಿ 1979ರಲ್ಲಿ ಅಂಗೀಕರಿಸಿದ ಸಂರಕ್ಷಣಾ ಸನ್ನದಿನ ಸಾರವೂ ಇದೇ: ಬೇಕಾದಷ್ಟನ್ನು ಮಾಡಿ, ಆದರೆ ಸಾಧ್ಯವಾದಷ್ಟು ಕಡಿಮೆ ಬದಲಿಸಿ.

ನಿಮ್ಮ ಯೋಜನೆಯಲ್ಲಿ ನನಗೆ ನಿಜವಾಗಿ ಆತಂಕ ಹುಟ್ಟಿಸುವುದು ಪುಸ್ತಕಗಳು. ವಾಸದ ಕೋಣೆಯ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆ ಲೆಕ್ಕ ಹಾಕುತ್ತಾರೆ. ಸಾಲುಸಾಲು ಪುಸ್ತಕದ ಕಪಾಟುಗಳಿರುವ ಕೋಣೆಗೆ 600 ಕಿಲೋ ಅಥವಾ ಅದಕ್ಕೂ ಹೆಚ್ಚು ಹಿಡಿಯಬೇಕು. ಮನೆಯಾಗಿ ಕಟ್ಟಿದ ಮರದ ಮಹಡಿಯ ಮೇಲೆ ಪುಸ್ತಕ ಭಂಡಾರ ಇಡುವ ಯೋಚನೆಯನ್ನು ಬಿಡಿ. ಅದಕ್ಕಾಗಿ ಮಹಡಿಯನ್ನು ಬಲಪಡಿಸಲು ಹೊರಟರೆ ಗುತ್ತಿಗೆದಾರರು ಹೇಳಿದ ಕಾಂಕ್ರೀಟಿಗೇ ಬಂದು ನಿಲ್ಲುತ್ತೀರಿ. ಭಂಡಾರವನ್ನು ಹೊಸ ಭಾಗಕ್ಕೆ ಒಯ್ಯಿರಿ. ಹಳೆಯ ಮನೆಯ ಕೆಳಗಿನ ಕೋಣೆಗಳಲ್ಲಿ ಓದುವ ಮೇಜುಗಳು, ಮೇಲಿನ ಕೋಣೆಗಳಲ್ಲಿ ಹತ್ತಿಪ್ಪತ್ತು ಜನರ ಚಿಕ್ಕ ತರಗತಿಗಳು ಇರಲಿ. ಎಷ್ಟು ಜನ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ ಹೇಳಿದ ಮೇಲೆಯೇ ನಿಗದಿ ಮಾಡಿ. ನೂರು ಜನರ ಸಭಾಂಗಣ ಬೇಕಿದ್ದರೆ ಅದೂ ಹೊಸ ಭಾಗದಲ್ಲೇ. ಎರಡು ಕೋಣೆಗಳ ನಡುವಿನ ಗೋಡೆ ಒಡೆದು ದೊಡ್ಡದು ಮಾಡೋಣ ಎಂಬ ಸಲಹೆ ಖಂಡಿತ ಬರುತ್ತದೆ. ಆ ಗೋಡೆಯೇ ಮಹಡಿಯನ್ನೂ ಅಕ್ಕಪಕ್ಕದ ಗೋಡೆಗಳನ್ನೂ ಹಿಡಿದಿರುವುದನ್ನು ಮರೆಯಬೇಡಿ.

ಬಳಕೆಯೇ ಕಟ್ಟಡಕ್ಕೆ ಹೊಂದುವಂತಿದ್ದರೆ ಕೆಲಸ ಎಷ್ಟು ಹಗುರಾಗುತ್ತದೆ ಎಂಬುದಕ್ಕೆ ಪ್ಯಾರಿಸ್‌ನ ಓರ್ಸೆ ಒಳ್ಳೆಯ ಉದಾಹರಣೆ. 1900ರಲ್ಲಿ ರೈಲು ನಿಲ್ದಾಣವಾಗಿ ತೆರೆದ ಆ ಕಟ್ಟಡದ ಪ್ಲಾಟ್‌ಫಾರ್ಮುಗಳು ಉದ್ದನೆಯ ರೈಲುಗಳಿಗೆ ಸಾಲದೆ, 1939ರ ಹೊತ್ತಿಗೆ ದೂರದ ರೈಲುಗಳು ಅಲ್ಲಿಗೆ ಬರುವುದು ನಿಂತಿತು. ರೈಲಿಗೆ ಚಿಕ್ಕದಾದ ಆ ವಿಶಾಲ ಕಮಾನಿನ ಅಂಗಣ, ಮೇಲಿನ ಗಾಜಿನಿಂದ ಇಳಿಯುವ ಬೆಳಕಿನೊಡನೆ, ಶಿಲ್ಪಗಳಿಗೆ ಹೇಳಿ ಮಾಡಿಸಿದಂತಿತ್ತು. 1986ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಲಂಡನ್‌ನ ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರ 2000ದಲ್ಲಿ ಟೇಟ್ ಮಾಡರ್ನ್ ಎಂಬ ಕಲಾ ಸಂಗ್ರಹಾಲಯ ಆದಾಗ, ವಾಸ್ತುಶಿಲ್ಪಿಗಳಾದ ಹರ್ಜೋಗ್ ಮತ್ತು ಡೆ ಮ್ಯೂರಾನ್ ಟರ್ಬೈನುಗಳಿದ್ದ ಭಾರೀ ಅಂಗಣವನ್ನು ತುಂಬಿಸದೆ ಖಾಲಿಯಾಗಿಯೇ ಬಿಟ್ಟರು. ಇಂದು ಜನರು ಆ ಕಟ್ಟಡದಲ್ಲಿ ನೆನಪಿಟ್ಟುಕೊಳ್ಳುವುದು ಆ ಖಾಲಿಯನ್ನೇ. ನಿಮ್ಮ ಮನೆ ಅಷ್ಟು ದೊಡ್ಡದಲ್ಲ, ಆದರೆ ಯಾವ ಕೋಣೆಯಲ್ಲಿ ಬೆಳಗಿನ ಬೆಳಕು ಚೆನ್ನಾಗಿದೆ, ಯಾವುದು ತಂಪು, ಯಾವುದು ನಿಶ್ಶಬ್ದ ಎಂಬುದು ಅಲ್ಲಿ ಬಾಳಿದ ನಿಮಗೆ ಗೊತ್ತಿದೆ. ನಕ್ಷೆ ಬರೆಯುವವರಿಗೆ ಅದನ್ನು ಹೇಳಿ.

ಕೆಲಸಕ್ಕೆ ಮುಂಚೆ ಒಂದು ವರ್ಷದ ದಾಖಲೆ ಬೇಕು ಎಂದರೆ ನಿಮಗೆ ಬೇಸರವಾಗಬಹುದು. ಆದರೂ ಹೇಳುತ್ತೇನೆ. ಪ್ರತಿ ಕೋಣೆಯ ಅಳತೆ ತೆಗೆದು ನಕ್ಷೆ ಮಾಡಿಸಿ, ಪ್ರತಿ ಗೋಡೆಯ ಚಿತ್ರ ತೆಗೆದಿಡಿ. ಬಿರುಕುಗಳ ಮೇಲೆ ತಾರೀಖು ಬರೆದ ಗಾಜಿನ ಚಿಕ್ಕ ಪಟ್ಟಿಗಳನ್ನು ಅಂಟಿಸಿ. ಗಾಜು ಒಡೆದರೆ ಬಿರುಕು ಇನ್ನೂ ಜೀವಂತವಾಗಿದೆ ಎಂದರ್ಥ. ಮಳೆಗಾಲ, ಬೇಸಿಗೆ ಎರಡೂ ಕಳೆದ ಮೇಲೂ ಗಾಜು ಹಾಗೇ ಇದ್ದರೆ ಅದು ಎಂದೋ ಆಗಿ ಮುಗಿದ ಚಲನೆ, ಸುಣ್ಣದ ಗಾರೆ ತುಂಬಿದರೆ ಸಾಕು. ಈ ವ್ಯತ್ಯಾಸ ತಿಳಿಯದೆ ಉಕ್ಕಿನ ಆಸರೆಗೆ ಹಣ ಸುರಿದವರನ್ನೂ, ಜೀವಂತ ಬಿರುಕಿಗೆ ಬಣ್ಣ ಬಳಿದು ಮುಚ್ಚಿದವರನ್ನೂ ನಾನು ಕಂಡಿದ್ದೇನೆ.

ಹೊಸ ಭಾಗವನ್ನು ಹಳೆಯದಕ್ಕೆ ಅಂಟಿಸಿ ಕಟ್ಟಬೇಡಿ. ನಿಮ್ಮ ಮನೆ ನೆಲದಲ್ಲಿ ಎಷ್ಟು ಕೂರಬೇಕೋ ಅಷ್ಟು ಕೂತು ದಶಕಗಳೇ ಆಗಿವೆ; ಹೊಸ ಕಟ್ಟಡ ಇನ್ನು ಮುಂದೆ ಕೂರಬೇಕು. ಎರಡನ್ನೂ ಬಿಗಿಯಾಗಿ ಬೆಸೆದರೆ ಹೊಸದು ಇಳಿಯುವಾಗ ಹಳೆಯದನ್ನೂ ಎಳೆಯುತ್ತದೆ, ಬೆಸುಗೆಯ ಜಾಗದಲ್ಲಿ ಬಿರುಕು ತಪ್ಪಿದ್ದಲ್ಲ. ಎರಡರ ನಡುವೆ ಕೆಲವು ಅಡಿ ಅಂತರ ಬಿಟ್ಟು, ಆ ಅಂತರವನ್ನು ಹಗುರವಾದ ಗಾಜು ಮತ್ತು ಉಕ್ಕಿನ ಓಣಿಯಿಂದ ಸೇರಿಸಿ. ಓಣಿಯ ಭಾರ ಹೊಸ ಭಾಗದ ಮೇಲೆಯೇ ಇರಲಿ, ಹಳೆಯ ಗೋಡೆಯನ್ನು ಅದು ತಾಗುವಲ್ಲಿ ಅಲುಗಾಟಕ್ಕೆ ಎಡೆಯಿರಲಿ. ಹಳೆಯ ಮನೆಗೆ ಪ್ರವೇಶ ಈಗಿರುವ ಹಿಂಬಾಗಿಲಿನ ಮೂಲಕವೇ ಆಗಲಿ, ಹೊಸದಾಗಿ ಗೋಡೆ ಕೊರೆಯುವ ಅಗತ್ಯ ಬಾರದು. ಹೊಸ ತಳಪಾಯದ ಗುಂಡಿ ಹಳೆಯ ತಳಪಾಯಕ್ಕಿಂತ ಆಳಕ್ಕೆ ಹೋಗುವುದಾದರೆ ಅದು ಹಳೆಯ ಗೋಡೆಯಿಂದ ಸಾಕಷ್ಟು ದೂರವಿರಬೇಕು; ಹತ್ತಿರವಿರಲೇಬೇಕಾದರೆ ಒಮ್ಮೆಗೇ ಉದ್ದಕ್ಕೆ ತೋಡದೆ ತುಂಡುತುಂಡಾಗಿ ತೋಡಿ ಕಟ್ಟಬೇಕು. ಓಣಿಯ ಮಾಡು ಹಳೆಯ ಮಾಡಿಗೆ ಸೇರುವ ಕಣಿವೆಯಲ್ಲೇ ಮೊದಲ ಸೋರಿಕೆ ಶುರುವಾಗುತ್ತದೆ, ಆದ್ದರಿಂದ ಅಲ್ಲಿನ ದೋಣಿಯನ್ನು ಮನುಷ್ಯರು ನಿಂತು ತೊಳೆಯುವಷ್ಟು ಅಗಲ ಮಾಡಿಸಿ.

ಲಿಫ್ಟ್, ಎರಡನೆಯ ಮೆಟ್ಟಿಲು, ಶೌಚಾಲಯ, ವಿದ್ಯುತ್ ಫಲಕಗಳ ಕೋಣೆ, ನೀರಿನ ಟ್ಯಾಂಕು ಎಲ್ಲವೂ ಈ ಹೊಸ ಭಾಗದಲ್ಲಿ. ಓಣಿ ಎರಡೂ ಅಂತಸ್ತಿನಲ್ಲಿದ್ದು, ಹೊಸ ಭಾಗದ ನೆಲ ಹಳೆಯ ಮಹಡಿಯ ಮಟ್ಟಕ್ಕೆ ಸರಿಯಾಗಿದ್ದರೆ ಗಾಲಿಕುರ್ಚಿಯಲ್ಲಿ ಬರುವವರು ಇಡೀ ಮನೆಯನ್ನು ತಲುಪುತ್ತಾರೆ. ಹಳೆಯ ಕೋಣೆಗಳಿಗೆ ಬೇಕಾದ ವೈರುಗಳನ್ನು ಗೋಡೆ ಕೊರೆದು ಹುದುಗಿಸದೆ, ಜಂತೆಗಳ ನಡುವಿನ ಪೊಳ್ಳಿನಲ್ಲೋ ಗೋಡೆಯ ಬುಡದ ಪಟ್ಟಿಯ ಹಿಂದೆಯೋ ಸಾಗಿಸಿ. ಕಣ್ಣಿಗೆ ಸ್ವಲ್ಪ ಕಂಡರೂ ಚಿಂತೆಯಿಲ್ಲ. ವೈರಿಂಗ್ ಕೆಲವು ದಶಕಗಳಿಗೊಮ್ಮೆ ಬದಲಾಗುವುದು, ಗೋಡೆಗೆ ಮಾಡಿದ ಗಾಯ ಹಾಗೇ ಉಳಿಯುವುದು.

ಹವಾನಿಯಂತ್ರಣವನ್ನು ಪುಸ್ತಕ ಭಂಡಾರಕ್ಕೆ, ಸಭಾಂಗಣಕ್ಕೆ ಹಾಕಿಸಿ. ದಪ್ಪ ಗೋಡೆ, ಎತ್ತರದ ಚಾವಣಿ, ಎದುರುಬದುರು ಕಿಟಕಿಗಳಿರುವ ಹಳೆಯ ಕೋಣೆಗಳಲ್ಲಿ ಮೊದಲು ಫ್ಯಾನು, ಬಿಸಿಲು ತಡೆಯುವ ಕಿಟಕಿ ಬಾಗಿಲು, ಮಾಡಿನ ಕೆಳಗೆ ಶಾಖನಿರೋಧಕ ಪದರ ಇವನ್ನು ಮಾಡಿ ನೋಡಿ. ಆ ಕೋಣೆಗಳನ್ನು ಬಿಗಿಯಾಗಿ ಮುಚ್ಚಿ ತಂಪು ಮಾಡಿದರೆ ಗೋಡೆಯ ಉಸಿರಾಟವೂ ನಿಲ್ಲುತ್ತದೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ಹೊಸ ಭಾಗ ಹಳೆಯದರ ನಕಲಾಗಬಾರದು. ಸ್ಮಾರಕಗಳ ಸಂರಕ್ಷಣೆಗೆಂದು ಮಾಡಿದ 1964ರ ಅಂತರರಾಷ್ಟ್ರೀಯ ವೆನಿಸ್ ಸನ್ನದು, ಕಳೆದುಹೋದ ಭಾಗಗಳ ಜಾಗಕ್ಕೆ ಸೇರಿಸುವುದು ಇಡೀ ಕಟ್ಟಡದೊಡನೆ ಹೊಂದಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತಿಸಲೂ ಸಾಧ್ಯವಾಗಬೇಕು ಎನ್ನುತ್ತದೆ. ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎಂದೂ ಹೇಳುತ್ತದೆ. ನಕಲು ಮಾಡಿದರೆ ನಾಳೆ ನೋಡುವವರಿಗೆ ಯಾವುದು ನಿಮ್ಮ ಹಿರಿಯರು ಕಟ್ಟಿದ್ದು, ಯಾವುದು ನೀವು ಕಟ್ಟಿದ್ದು ಎಂದು ತಿಳಿಯುವುದಿಲ್ಲ. ಹಾಗೆಂದು ಹಳೆಯದನ್ನು ಮೀರಿ ಕೂಗುವ ಕಟ್ಟಡವೂ ಬೇಡ. ಈ ನಡುದಾರಿ ಸುಲಭದ್ದಲ್ಲ. ಸ್ವೀಡನ್ನಿನ ವಾಸ್ತುಶಿಲ್ಪಿ ಗುನ್ನಾರ್ ಆಸ್ಪ್ಲುಂಡ್ ಗೋಥೆನ್‌ಬರ್ಗ್ ನ್ಯಾಯಾಲಯದ ವಿಸ್ತರಣೆಯ ಕೆಲಸವನ್ನು 1913ರಲ್ಲಿ ಸ್ಪರ್ಧೆಯಲ್ಲಿ ಗೆದ್ದು, ನಕ್ಷೆಯನ್ನು ಮತ್ತೆ ಮತ್ತೆ ತಿದ್ದಿ, ಅದನ್ನು ಮುಗಿಸಿದ್ದು 1937ರಲ್ಲಿ. ಹಳೆಯ ಶೈಲಿಯ ಅನುಕರಣೆಯಿಂದ ಹೊರಟವರು ಕೊನೆಗೆ ಹಳೆಯ ಮುಖದ ಲಯವನ್ನಷ್ಟೇ ಉಳಿಸಿಕೊಂಡು, ಅಲಂಕಾರವನ್ನೆಲ್ಲ ಬಿಟ್ಟರು.

ಬರ್ಲಿನ್ನಿನ ನೋಯೆಸ್ ಮ್ಯೂಸಿಯಂ ಇನ್ನೂ ಹತ್ತಿರದ ಪಾಠ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಸಿಕ್ಕಿ ದಶಕಗಳ ಕಾಲ ಪಾಳುಬಿದ್ದಿದ್ದ ಅದನ್ನು ವಾಸ್ತುಶಿಲ್ಪಿ ಡೇವಿಡ್ ಚಿಪ್ಪರ್‌ಫೀಲ್ಡ್ ಅವರ ನೇತೃತ್ವದಲ್ಲಿ ದುರಸ್ತಿ ಮಾಡಿ 2009ರಲ್ಲಿ ಮತ್ತೆ ತೆರೆದರು. ಉಳಿದಿದ್ದ ಪ್ರತಿ ಚೂರು ಗಾರೆ, ಬಣ್ಣವನ್ನು ಹಾಗೇ ಉಳಿಸಿಕೊಂಡರು. ನಾಶವಾಗಿದ್ದ ಭಾಗಗಳನ್ನು ಬೇರೆಡೆಯಿಂದ ತಂದ ಹಳೆಯ ಇಟ್ಟಿಗೆಯಿಂದ ಕಟ್ಟಿದರು. ಮುಖ್ಯ ಮೆಟ್ಟಿಲು ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ಆಕಾರದಲ್ಲೇ ಇದೆ, ಆದರೆ ಅಮೃತಶಿಲೆಯ ಚೂರು ಬೆರೆತ ಬಿಳಿ ಕಾಂಕ್ರೀಟಿನಲ್ಲಿ, ಒಂದು ಹೂಬಳ್ಳಿಯೂ ಇಲ್ಲದೆ. ಅಂದರೆ ಕಾಂಕ್ರೀಟಿನ ಮೇಲೆ ನನಗೆ ದ್ವೇಷವಿಲ್ಲ; ಅದು ತನ್ನ ಜಾಗದಲ್ಲಿ, ತನ್ನ ಕಾಲಿನ ಮೇಲೆ ನಿಂತಿರಬೇಕು ಅಷ್ಟೆ. ನಿಮ್ಮ ಹೊಸ ಭಾಗದ ಎತ್ತರ ಹಳೆಯ ಮನೆಯ ಸೂರನ್ನು ಮೀರದಿರಲಿ, ಕಿಟಕಿಗಳ ಅಗಲ ಮತ್ತು ಎತ್ತರದ ಪ್ರಮಾಣ ಹಳೆಯದನ್ನು ನೆನಪಿಸಲಿ, ಬಣ್ಣ ಸಮೀಪದ್ದಿರಲಿ. ಕಮಾನು, ಕೆತ್ತನೆಯ ಕಂಬಗಳು ಅದರಲ್ಲಿ ಬೇಡ.

ಬೆಂಕಿಯ ಬಗ್ಗೆ ನೀವು ಕೇಳಲಿಲ್ಲ, ಆದರೆ ಹೇಳದೆ ಬಿಡಲಾರೆ. ಹಳೆಯ ಕಟ್ಟಡಕ್ಕೆ ಅತ್ಯಂತ ಅಪಾಯದ ಕಾಲ ಅದರ ದುರಸ್ತಿಯ ಕಾಲ. ಪ್ಯಾರಿಸ್‌ನ ನೋತ್ರ್ ದಾಮ್ 2019ರ ಏಪ್ರಿಲ್‌ನಲ್ಲಿ ಹೊತ್ತಿ ಉರಿದದ್ದು ದುರಸ್ತಿ ನಡೆಯುತ್ತಿದ್ದಾಗ. 2014ರ ಬೆಂಕಿಯ ನಂತರ ಜೀರ್ಣೋದ್ಧಾರ ನಡೆಯುತ್ತಿದ್ದ ಗ್ಲಾಸ್ಗೋ ಕಲಾಶಾಲೆಯ ಕಟ್ಟಡ 2018ರಲ್ಲಿ ಮತ್ತೆ ಸುಟ್ಟು, ಬಹುತೇಕ ಗೋಡೆಗಳಷ್ಟೇ ಉಳಿದವು. ನಿಮ್ಮ ಮರದ ಮಹಡಿಯ ಹತ್ತಿರ ವೆಲ್ಡಿಂಗ್, ಕಟಿಂಗ್ ಬೇಡವೆಂದು ಗುತ್ತಿಗೆಯ ಕರಾರಿನಲ್ಲೇ ಬರೆಸಿ, ಉಕ್ಕಿನ ಭಾಗಗಳನ್ನು ಹೊರಗೆ ತಯಾರಿಸಿ ತಂದು ಬೋಲ್ಟಿನಿಂದಲೇ ಜೋಡಿಸಲಿ. ಸಂಜೆ ಕೆಲಸ ನಿಂತ ಮೇಲೆ ತಾತ್ಕಾಲಿಕ ವಿದ್ಯುತ್ ಸಂಪರ್ಕವನ್ನು ತೆಗೆದು, ಒಬ್ಬರು ಇಡೀ ಮನೆ ಸುತ್ತಿ ನೋಡಿ ಬೀಗ ಹಾಕಲಿ.

ನಿಮ್ಮ ಮನೆ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆಯೇ ಎಂದು ಮೊದಲು ವಿಚಾರಿಸಿ. ಇದ್ದರೆ ಅನುಮತಿಯಿಲ್ಲದೆ ಒಂದು ಕಿಟಕಿಯನ್ನೂ ಬದಲಿಸುವಂತಿಲ್ಲ. ಆಮೇಲೆ ಗುತ್ತಿಗೆದಾರರಿಗೆ, ನೀವು ಅವರನ್ನು ಕೆಲಸದಿಂದ ತೆಗೆಯುತ್ತಿಲ್ಲ, ಕೆಲಸ ಬದಲಾಗಿದೆ ಎಂದು ತಿಳಿಸಿ: ಮೊದಲ ತಿಂಗಳ ಕೆಲಸ ಸೂರಿನ ದೋಣಿ ಮತ್ತು ಪೈಪುಗಳನ್ನು ಸರಿಪಡಿಸುವುದು, ಗೋಡೆಯ ಸುತ್ತ ಏರಿದ ಮಣ್ಣನ್ನು ಒಳಗಿನ ನೆಲಕ್ಕಿಂತ ಕೆಳಗೆ ತಗ್ಗಿಸುವುದು, ಕೊಳೆತ ತೊಲೆಗಳ ಕೆಳಗೆ ತಾತ್ಕಾಲಿಕ ಆಸರೆ ಕೊಡುವುದು. ಗಾರೆ ಎಲ್ಲೆಲ್ಲಿ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆಯೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿಸಿ, ಗಟ್ಟಿಯಾಗಿರುವಲ್ಲಿ ಯಾರೂ ಸುತ್ತಿಗೆ ಎತ್ತದಂತೆ ನೋಡಿಕೊಳ್ಳಿ.